ಲೆಕ್ಕ ಕೇಳಿದರೆ ದೇವರ ಸೇವಕರ ವಿರುದ್ಧ ಎದ್ದಂತೆಯೇ?

ಪ್ರಶ್ನೆ: ನಮ್ಮದು ದೊಡ್ಡ ಸಭೆಯಲ್ಲ, ಎಲ್ಲರಿಗೂ ಎಲ್ಲರ ಪರಿಚಯವಿದೆ. ಪಾಸ್ಟರ್ ಒಳ್ಳೆಯವರು. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಪಕ್ಕದಲ್ಲಿ ಕೂತು ಪ್ರಾರ್ಥಿಸಿದವರು. ಆದರೆ ಎರಡು ವರ್ಷದಿಂದ ಕಟ್ಟಡ ನಿಧಿಗೆಂದು ವಿಶೇಷ ಕಾಣಿಕೆ ಎತ್ತುತ್ತಿದ್ದೇವೆ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಅವರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನಾಲ್ಕು ಜನರ ಮುಂದೆ ನಮ್ಮ ಯಜಮಾನರು ಲೆಕ್ಕ ಕೇಳಿಬಿಟ್ಟರು. ಮುಂದಿನ ಭಾನುವಾರದ ಪ್ರಸಂಗದಲ್ಲಿ ಬಂದದ್ದು ಮಿರ್ಯಾಮಳ ಕುಷ್ಠ, ಕೋರಹನ ದಂಗೆ, 'ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ' ಎಂಬ ಮಾತು. ಈಗ ಇವರು ಸಭೆಯನ್ನೇ ಬಿಡೋಣ ಅನ್ನುತ್ತಾರೆ. ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತೇನೆ, ಮನಸ್ಸು ಒಪ್ಪುತ್ತಿಲ್ಲ. ಕೇಳಿದ್ದು ತಪ್ಪೇ? ಸುಮ್ಮನಿರಬೇಕೇ, ಬಿಟ್ಟು ಹೋಗಬೇಕೇ?

ಉತ್ತರ: ಸಹೋದರಿ, ಕೇಳಿದ್ದು ತಪ್ಪಲ್ಲ. ಕೇಳಿದ ಜಾಗ ಮಾತ್ರ ಸರಿಯಿರಲಿಲ್ಲ. ಬಾಗಿಲ ಬಳಿ ನಾಲ್ಕು ಜನರ ಎದುರು ಬಂದ ಪ್ರಶ್ನೆ ಪಾಸ್ಟರ ಕಿವಿಗೆ 'ಲೆಕ್ಕ ಎಲ್ಲಿ' ಅಂತ ಕೇಳಿಸಿರಲಿಕ್ಕಿಲ್ಲ, 'ನೀವು ಕಳ್ಳರೇ' ಅಂತ ಕೇಳಿಸಿರುತ್ತದೆ. ಹಾಗೆಂದು ಅದಕ್ಕೆ ಪ್ರಸಂಗಪೀಠದಿಂದ ಉತ್ತರ ಕೊಟ್ಟದ್ದು ಇನ್ನೂ ದೊಡ್ಡ ತಪ್ಪು. ಅಲ್ಲಿ ನಿಂತವರಿಗೆ ಎದುರುತ್ತರ ಕೊಡುವಂತಿಲ್ಲ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಆ ಜಾಗವನ್ನು ಬಳಸುವುದು ನ್ಯಾಯವಲ್ಲ.

ಮೊದಲು ಆ ಮೂರು ವಚನಭಾಗಗಳನ್ನು ನೋಡೋಣ. ನಿಮ್ಮ ಮನಸ್ಸಿನಲ್ಲಿ ಕೂತಿರುವ ಭಯ ಅಲ್ಲಿಂದಲೇ ಬಂದದ್ದು.

ಅಭಿಷಿಕ್ತರನ್ನು, ಅಂದರೆ ದೇವರು ತನಗಾಗಿ ಆರಿಸಿಕೊಂಡವರನ್ನು, ಮುಟ್ಟಬಾರದು ಎಂಬ ಮಾತು ಕೀರ್ತನೆ 105ರ 15ನೆಯ ವಚನದ್ದು. ಅದನ್ನು ಹಿಂದಿನ ವಚನಗಳ ಜೊತೆ ಸೇರಿಸಿ ಓದಿ. ಅಲ್ಲಿರುವುದು ಅಬ್ರಹಾಮ, ಇಸಾಕ, ಯಾಕೋಬರ ಮಾತು. ಅವರು ಪರದೇಶದಲ್ಲಿ ಅಲೆಯುತ್ತಿದ್ದಾಗ ಅಲ್ಲಿನ ಅರಸರು ಅವರಿಗೆ ಕೇಡು ಮಾಡದಂತೆ ದೇವರು ಕಾಪಾಡಿದ ಸಂಗತಿ. ಬಲವುಳ್ಳವರು ಬಲವಿಲ್ಲದ ಅಲೆಮಾರಿಗಳ ಮೇಲೆ ಕೈಮಾಡಬಾರದು ಎಂದು ಹೇಳಿದ ಮಾತನ್ನು, ಸಭೆಯಲ್ಲಿ ಹೆಚ್ಚು ಅಧಿಕಾರ ಇರುವವರು ಕಡಿಮೆ ಇರುವವರ ಬಾಯಿ ಮುಚ್ಚಿಸಲು ಬಳಸಿದರೆ ವಚನವನ್ನು ತಲೆಕೆಳಗು ಮಾಡಿದಂತೆ. ಇನ್ನೂ ಒಂದು ಸಂಗತಿ ಇದೆ, ಇದನ್ನು ಪ್ರಸಂಗಗಳಲ್ಲಿ ಹೇಳುವವರು ಕಡಿಮೆ. ಆ ಕೀರ್ತನೆಯ ಹಿಂದಿರುವ ಘಟನೆಗಳಲ್ಲೊಂದು ಆದಿಕಾಂಡ 20ರಲ್ಲಿದೆ. ಅಬ್ರಹಾಮ ಸಾರಳನ್ನು ತಂಗಿ ಎಂದು ಹೇಳಿ ಗೆರಾರಿನ ಅರಸ ಅಬೀಮೆಲೆಕನನ್ನು ಸಂಕಟಕ್ಕೆ ಸಿಕ್ಕಿಸಿದ. ದೇವರು ಅರಸನಿಗೆ ಕನಸಿನಲ್ಲಿ, ಅವನು ಪ್ರವಾದಿ, ಹೆಂಡತಿಯನ್ನು ಹಿಂದಕ್ಕೆ ಕಳುಹಿಸು ಎಂದರು. ಅರಸ ಕಳುಹಿಸಿದ. ಆದರೆ ಅದಕ್ಕೂ ಮೊದಲು ಅಬ್ರಹಾಮನನ್ನು ಕರೆಸಿ, ನೀನು ನಮಗೆ ಮಾಡಿದ್ದೇನು, ಯಾಕೆ ಹೀಗೆ ಮಾಡಿದೆ ಎಂದು ಮುಖಾಮುಖಿ ಕೇಳಿದ. ಅಬ್ರಹಾಮ ಉತ್ತರ ಕೊಟ್ಟ. ಕೇಳಿದ್ದಕ್ಕೆ ಅರಸನ ಮೇಲೆ ಯಾವ ಶಾಪವೂ ಬೀಳಲಿಲ್ಲ. ಅದೇ ಅಬ್ರಹಾಮ ಆ ಅರಸನಿಗಾಗಿ ಪ್ರಾರ್ಥಿಸಿದ, ಅರಸನ ಮನೆಯವರು ವಾಸಿಯಾದರು. ಮುಟ್ಟಬಾರದು ಎಂದು ದೇವರು ಯಾರ ಬಗ್ಗೆ ಹೇಳಿದರೋ ಅವನನ್ನೇ ಪ್ರಶ್ನೆ ಕೇಳಬಹುದಿತ್ತು.

ದಾವೀದನೂ ಅಷ್ಟೇ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲ ಏನ್ಗೆದಿಯ ಗವಿಯಲ್ಲಿ ಕೈಗೆ ಸಿಕ್ಕಿದರೂ ಅವನನ್ನು ಕೊಲ್ಲಲಿಲ್ಲ, ಬಟ್ಟೆಯ ಅಂಚು ಕತ್ತರಿಸಿದ್ದಕ್ಕೇ ಮನಸ್ಸು ಚುಚ್ಚಿತು. ಕಥೆ ಅಲ್ಲಿಗೆ ಮುಗಿಯಿತು ಎಂಬಂತೆ ನಾವು ಹೇಳುತ್ತೇವೆ. ಮುಂದೆ ಓದಿದರೆ ದಾವೀದ ಗವಿಯಿಂದ ಹೊರಗೆ ಬಂದು, 3,000 ಸೈನಿಕರನ್ನು ಕರೆದುಕೊಂಡು ಬಂದಿದ್ದ ಅರಸನನ್ನು ಕೂಗಿ ಕರೆದು, ಸಾಷ್ಟಾಂಗ ನಮಸ್ಕಾರ ಮಾಡಿ, 'ನನ್ನ ಒಡೆಯನೇ' ಎಂದು ಮರ್ಯಾದೆಯಿಂದಲೇ ಅವನ ತಪ್ಪನ್ನು ಅವನ ಮುಂದಿಟ್ಟ. ಕೈ ಎತ್ತಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ.

ಇಸ್ರಾಯೇಲ್ಯರನ್ನು ನಡೆಸಿದ ಮೋಶೆಯ ಅಕ್ಕ ಮಿರ್ಯಾಮಳದು ಬೇರೆಯದೇ ಸಂಗತಿ. ಅರಣ್ಯಕಾಂಡ 12ರಲ್ಲಿ ಅವಳೂ ಮೋಶೆಯ ಅಣ್ಣ ಆರೋನನೂ ಮಾತಾಡಿದ್ದು ಮೋಶೆಯ ಹೆಂಡತಿಯ ಬಗ್ಗೆ, ಅದರ ಅಡಿಯಲ್ಲಿದ್ದದ್ದು ದೇವರು ಮೋಶೆಯ ಮೂಲಕ ಮಾತ್ರ ಮಾತಾಡುತ್ತಾರೋ ಎಂಬ ಪೈಪೋಟಿ. ಅಲ್ಲಿ ಹಣದ ಮಾತೇ ಇಲ್ಲ. ಅವಳಿಗೆ ಕುಷ್ಠ ಹತ್ತಿದಾಗ ಮೋಶೆ 'ಬೇಕಿತ್ತು' ಅನ್ನಲಿಲ್ಲ, ವಾಸಿಮಾಡು ಎಂದು ದೇವರಿಗೆ ಮೊರೆಯಿಟ್ಟ. ಅವಳು ಪಾಳೆಯಕ್ಕೆ ಮರಳುವ ತನಕ ಏಳು ದಿನ ಇಡೀ ಜನ ಕಾದರು, ಹೊರಡಲಿಲ್ಲ. ಈ ಅಧ್ಯಾಯದ ಮೇಲೆ ಪ್ರಸಂಗ ಮಾಡುವವರು ಈ ಭಾಗವನ್ನೂ ಓದಬೇಕು.

ಕೋರಹನ ಅಧ್ಯಾಯದಲ್ಲಂತೂ ನಿಮ್ಮ ಪ್ರಶ್ನೆಗೆ ನೇರ ಉತ್ತರವೇ ಇದೆ. ಮೋಶೆಯ ವಿರುದ್ಧ ಎದ್ದ ಕೋರಹನಿಗೆ ಬೇಕಿದ್ದದ್ದು ಯಾಜಕತ್ವ. ಅವನ ಜೊತೆಗಿದ್ದ ದಾತಾನ್, ಅಬೀರಾಮರು ಮೋಶೆ ದೊರೆತನ ಮಾಡುತ್ತಾನೆ ಎಂದು ದೂರಿದರು. ಆಗ ಮೋಶೆಗೆ ಬಹಳ ಸಿಟ್ಟು ಬಂತು. ಸಿಟ್ಟಿನಲ್ಲಿ ಅವನು ದೇವರ ಮುಂದೆ ಹೇಳಿದ್ದೇನು ಗೊತ್ತೇ? ಅವರಿಂದ ಒಂದು ಕತ್ತೆಯನ್ನೂ ನಾನು ತೆಗೆದುಕೊಂಡಿಲ್ಲ ಎಂದು. ಅಂದರೆ ಲೆಕ್ಕ ಒಪ್ಪಿಸಿದ! ಪ್ರವಾದಿ ಸಮುವೇಲನು ಮುದುಕನಾದ ಮೇಲೆ ಎಲ್ಲ ಇಸ್ರಾಯೇಲ್ಯರ ಮುಂದೆ ನಿಂತು, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರಿಂದ ಲಂಚ ತಿಂದೆ, ಹೇಳಿ ಎಂದು ತಾನಾಗಿಯೇ ಕೇಳಿದ. ಯಾರೂ ಅವನನ್ನು ಒತ್ತಾಯಿಸಿರಲಿಲ್ಲ.

ಇನ್ನು ಕಟ್ಟಡ ನಿಧಿಯ ವಿಷಯ. ನನ್ನ ಮಟ್ಟಿಗೆ ಸತ್ಯವೇದದಲ್ಲಿ ಸಭೆಗಳು ತೀರಾ ಕಡಿಮೆ ಓದುವ ಅಧ್ಯಾಯಗಳಲ್ಲಿ ವಿಮೋಚನಕಾಂಡ 38 ಒಂದು. ಅದರ ಕೊನೆಯ ಭಾಗ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲ್ಯರು ಅರಣ್ಯದಲ್ಲಿ ಆರಾಧನೆಗೆ ಕಟ್ಟಿದ ಡೇರೆಯ, ಖರ್ಚಿನ ಪಟ್ಟಿ. ಮೋಶೆಯ ಅಪ್ಪಣೆಯಂತೆ, ಯಾಜಕ ಆರೋನನ ಮಗ ಈತಾಮಾರನ ಕೈಕೆಳಗೆ, ಗುಡಾರದ ಸೇವೆ ಮಾಡುವ ಲೇವಿಯರು ಬರೆದದ್ದು. ತಲಾಂತು, ಶೆಕೆಲ್ ಅಂದರೆ ಆ ಕಾಲದ ತೂಕಗಳು. ಬಂಗಾರ 29 ತಲಾಂತು 730 ಶೆಕೆಲ್. ಬೆಳ್ಳಿ 100 ತಲಾಂತು 1,775 ಶೆಕೆಲ್. ಪ್ರಸಂಗಕ್ಕೆ ಇದರಲ್ಲಿ ಏನು ಸಿಗುತ್ತದೆ ಎಂದು ದಾಟಿಕೊಂಡು ಹೋಗುತ್ತೇವೆ. ಒಮ್ಮೆ ಪೆನ್ನು ಹಿಡಿದು ಕೂತು ನೋಡಿ. ಎಣಿಕೆಗೆ ಬಂದ ಗಂಡಸರು 6,03,550. ತಲೆಗೆ ಅರ್ಧ ಶೆಕೆಲ್ ಬೆಳ್ಳಿ. ಒಟ್ಟು 3,01,775 ಶೆಕೆಲ್. ತಲಾಂತಿಗೆ 3,000 ಶೆಕೆಲಿನಂತೆ ಭಾಗಿಸಿದರೆ 100 ತಲಾಂತು, ಮಿಕ್ಕಿದ್ದು 1,775 ಶೆಕೆಲ್. ಬಂದದ್ದು ಸರಿಹೋಯಿತು. ಹೋದದ್ದು? ಒಂದೊಂದಕ್ಕೆ ಒಂದು ತಲಾಂತಿನಂತೆ, ಗುಡಾರವನ್ನು ನಿಲ್ಲಿಸುವ 100 ಗದ್ದಿಗೆಗಳಿಗೆ (ಅಡಿಪಾದಗಳಿಗೆ) 100 ತಲಾಂತು. ಉಳಿದ 1,775 ಶೆಕೆಲ್ ಕಂಬಗಳ ಕೊಂಡಿಗಳಿಗೆ, ಕಂಬದ ತಲೆಯ ಹೊದಿಕೆಗೆ, ಕಟ್ಟುಗಳಿಗೆ. ಒಂದು ಶೆಕೆಲ್ ಹೆಚ್ಚಿಲ್ಲ, ಒಂದು ಶೆಕೆಲ್ ಕಡಿಮೆಯಿಲ್ಲ. ಯೆಹೋವನು ಮುಖಾಮುಖಿಯಾಗಿ ಮಾತಾಡಿದ ಮನುಷ್ಯನೂ ಕೊಂಡಿಯ ಬೆಳ್ಳಿಯ ತೂಕ ಬರೆಸಿಟ್ಟ. ನಿಮ್ಮ ಯಜಮಾನರು ಕೇಳಿದ್ದೂ ಇದನ್ನೇ, ಇದಕ್ಕಿಂತ ಹೆಚ್ಚೇನಲ್ಲ.

ಅಪೊಸ್ತಲ ಪೌಲನು ಯೆರೂಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸೇವೆಯಲ್ಲಿ ಅವನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರ, ಮತ್ತೊಬ್ಬ ಸಹೋದರ. ಕಾರಣವನ್ನೂ 2 ಕೊರಿಂಥ 8ರಲ್ಲಿ ಮುಚ್ಚುಮರೆಯಿಲ್ಲದೆ ಬರೆದ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಎಲ್ಲವೂ ಸರಿಯಾಗಿರಬೇಕು. 'ದೇವರಿಗೆ ಗೊತ್ತು, ಅಷ್ಟು ಸಾಕು' ಎನ್ನುವ ಪಾಸ್ಟರುಗಳಿಗೆ ಈ ಎರಡನೆಯ ಅರ್ಧ ಕಾಣುವುದೇ ಇಲ್ಲ.

ನಿಮ್ಮ ಪಾಸ್ಟರ್ ವಚನ ಬಲ್ಲವರಾದರೆ 2 ಅರಸುಗಳು 12ರ 15ನೆಯ ವಚನ ತೆಗೆದು ತೋರಿಸಬಹುದು. ದೇವಾಲಯದ ದುರಸ್ತಿ ನೋಡಿಕೊಂಡವರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂದು ಅಲ್ಲಿ ಬರೆದಿರುವುದು ನಿಜ. ಆದರೆ ಅಧ್ಯಾಯವನ್ನು ಆರಂಭದಿಂದ ಓದಬೇಕು. ದುರಸ್ತಿಗೆಂದು ಯಾಜಕರ ಕೈಗೆ ಹಣ ಹೋಗುತ್ತಿತ್ತು, ಅರಸ ಯೆಹೋವಾಷನ 23ನೆಯ ವರ್ಷವಾದರೂ ದುರಸ್ತಿ ಆಗಿರಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆಸಿ ಬಲಿಪೀಠದ ಬಲಗಡೆ ಇಡಿಸಿದ. ಪೆಟ್ಟಿಗೆ ತುಂಬಿದಾಗಲೆಲ್ಲ ಅರಸನ ಲೇಖಕ ಒಬ್ಬ, ಮಹಾಯಾಜಕ ಒಬ್ಬ, ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಆ ವ್ಯವಸ್ಥೆ ಆದ ಮೇಲೆ ಕೆಲಸಗಾರರ ಮೇಲೆ ಅಷ್ಟು ವಿಶ್ವಾಸ ಇಡಲು ಸಾಧ್ಯವಾಯಿತು.

ವಿಶ್ವಾಸದಿಂದ ನಡೆಯುವ ಸೇವೆಗೆ ಲೆಕ್ಕವೇಕೆ ಎಂಬ ಮಾತೂ ಬರುತ್ತದೆ. ಅದಕ್ಕೆ ಇಂಗ್ಲೆಂಡಿನಲ್ಲಿ ಸೇವೆ ಮಾಡಿದ ಜಾರ್ಜ್ ಮುಲ್ಲರ್ ಅವರ ಉದಾಹರಣೆ ಸಾಕು. ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ಆರಂಭಿಸಿದ ಅವರು ಯಾವ ಮನುಷ್ಯನಲ್ಲೂ ಹಣ ಕೇಳುವುದಿಲ್ಲ, ದೇವರಲ್ಲಿ ಮಾತ್ರ ಕೇಳುತ್ತೇನೆ ಎಂದು ನಿರ್ಧರಿಸಿದ್ದರು. ಅಂಥವರೇ ಬಂದದ್ದು, ಹೋದದ್ದು ಎಲ್ಲವನ್ನೂ ಬರೆದಿಟ್ಟು ವರದಿ ಅಚ್ಚುಹಾಕಿಸುತ್ತಿದ್ದರು. 1841ರ ಕೊನೆಯಲ್ಲಿ ಕೈ ತೀರಾ ಬರಿದಾಗಿದ್ದಾಗ, ಈಗ ವರದಿ ಹೊರಟರೆ ಹಣ ಬೇಡಿದಂತಾದೀತು ಎಂದು ಅದನ್ನು ಕೆಲವು ತಿಂಗಳು ಮುಂದೂಡಿದರು. ಲೆಕ್ಕವನ್ನು ಹೇಗೆ ಯಾವಾಗ ತೋರಿಸಬೇಕು ಎಂಬುದರ ಬಗ್ಗೆಯೂ ಅವರಿಗೆ ಅಷ್ಟು ಎಚ್ಚರ.

ಇಷ್ಟೆಲ್ಲ ಹೇಳಿದ ಮೇಲೆ ಪಾಸ್ಟರ ಪಕ್ಕದಲ್ಲೂ ಸ್ವಲ್ಪ ಹೊತ್ತು ಕೂತು ನೋಡಿ. ಲೆಕ್ಕ ತೋರಿಸದ ಪಾಸ್ಟರೆಲ್ಲ ಕದಿಯುವವರಲ್ಲ. ನಾನು ಕಂಡಂತೆ ಹೆಚ್ಚಿನ ಕಡೆ ಇರುವುದು ಗೋಜಲು. ಕಾಣಿಕೆ ಎಣಿಸುವವರು ಅವರೇ, ಬರೆಯುವವರು ಅವರೇ, ಸಿಮೆಂಟಿಗೆ ಮುಂಗಡ ಕೊಡುವವರು ಅವರೇ. ಕೆಲಸದವರು ಸಂಜೆ ಕೂಲಿಗೆ ಬಂದು ನಿಂತಾಗ ಸ್ವಂತ ಜೇಬಿನಿಂದ ಕೊಟ್ಟಿರುತ್ತಾರೆ, ಆಮೇಲೆ ನಿಧಿಯಿಂದ ತೆಗೆದುಕೊಂಡಿರುತ್ತಾರೆ, ಎರಡನ್ನೂ ಬರೆದಿರುವುದಿಲ್ಲ. ಕಾಯಿಲೆ ಬಿದ್ದ ವಿಶ್ವಾಸಿಯೊಬ್ಬರಿಗೆ ಕಟ್ಟಡದ ಹಣದಿಂದ ಸಹಾಯ ಮಾಡಿರುತ್ತಾರೆ, ಆ ವಿಶ್ವಾಸಿ ಯಾರಿಗೂ ಹೇಳಬೇಡಿ ಎಂದಿರುತ್ತಾರೆ. ಎರಡು ವರ್ಷ ಹೀಗೆ ಕಳೆದ ಮೇಲೆ ಲೆಕ್ಕ ತೋರಿಸಿ ಅಂದರೆ ತೋರಿಸಲು ಏನೂ ಇರುವುದಿಲ್ಲ. ಆ ನಾಚಿಕೆ ಸಿಟ್ಟಾಗಿ ಹೊರಬರುತ್ತದೆ. ಕೋರಹನ ಪ್ರಸಂಗದ ಹಿಂದೆ ಇಂಥ ನಾಚಿಕೆ ಇರಬಹುದು, ದುರಾಸೆಯೂ ಇರಬಹುದು. ಯಾವುದೆಂದು ಹೊರಗಿನಿಂದ ಹೇಳಲಾಗದು, ನೀವೂ ಈಗಲೇ ತೀರ್ಮಾನ ಮಾಡಬೇಡಿ. ಎರಡಕ್ಕೂ ಔಷಧ ಒಂದೇ: ಹಣ ಒಬ್ಬರ ಕೈಯಲ್ಲಿ ಇರಬಾರದು.

ಆದ್ದರಿಂದ ಈ ಸಲ ಕೇಳುವಾಗ 'ಹಿಂದಿನ ಲೆಕ್ಕ ಎಲ್ಲಿ' ಎಂದು ಆರಂಭಿಸಬೇಡಿ, 'ಮುಂದೆ ಹೇಗೆ ಮಾಡೋಣ' ಎಂದು ಆರಂಭಿಸಿ. ಯಜಮಾನರು ಒಬ್ಬರೇ ಹೋಗುವುದು ಬೇಡ. ಸಭೆಯಲ್ಲಿ ಪಾಸ್ಟರೂ ಗೌರವಿಸುವ ಹಿರಿಯರು ಒಬ್ಬರಾದರೂ ಇರುತ್ತಾರೆ, ಅವರನ್ನು ಕರೆದುಕೊಂಡು ವಾರದ ದಿನ ಬಿಡುವು ನೋಡಿ ಹೋಗಲಿ. ಮೊದಲ ಮಾತು ಕ್ಷಮೆಯದ್ದಾಗಿರಲಿ, ಕೇಳಿದ್ದಕ್ಕಲ್ಲ, ಕೇಳಿದ ರೀತಿಗೆ. 'ಪಾಸ್ಟರ್, ಅವತ್ತು ನಾಲ್ಕು ಜನರ ಮುಂದೆ ಕೇಳಿದ್ದು ನನ್ನ ತಪ್ಪು. ಆದರೆ ವಿಷಯ ಮುಖ್ಯವಾದದ್ದು, ಅದಕ್ಕೇ ಮತ್ತೆ ಬಂದಿದ್ದೇನೆ. ನಿಮ್ಮ ಹೆಸರಿಗೆ ಯಾರೂ ಮಸಿ ಬಳಿಯದಂತೆ ಆಗಬೇಕು' ಎಂದರೆ ಸಾಕು. ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವೂ ಹಾಕಬೇಡಿ. ಅಲ್ಲಿ ಹಾಕಿದ ಮಾತನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದು.

ಕೇಳಬೇಕಾದದ್ದು ಬಹಳವಿಲ್ಲ. ಭಾನುವಾರದ ಕಾಣಿಕೆಯನ್ನು ಸಭೆ ಚದುರುವ ಮೊದಲೇ ಇಬ್ಬರು ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಇಬ್ಬರು ಗಂಡ ಹೆಂಡತಿಯಾಗಬಾರದು, ಪಾಸ್ಟರ ಮನೆಯವರಾಗಬಾರದು, ತಿಂಗಳು ತಿಂಗಳು ಬದಲಾದರೆ ಇನ್ನೂ ಒಳ್ಳೆಯದು. ಬ್ಯಾಂಕ್ ಖಾತೆ ಸಭೆಯ ಹೆಸರಿನಲ್ಲಿ, ಹಣ ತೆಗೆಯಲು ಎರಡು ಸಹಿ. ಕಟ್ಟಡ ನಿಧಿಗೆ ಬೇರೆ ಪುಟ. ಮೂರು ತಿಂಗಳಿಗೊಮ್ಮೆ ಒಂದೇ ಹಾಳೆಯಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆದು ಸಭೆಯ ಮುಂದೆ ಓದಬೇಕು. ಯಾರು ಎಷ್ಟು ಕೊಟ್ಟರು ಎಂಬುದನ್ನು ಓದಬಾರದು, ಅದು ಯಾರಿಗೂ ಬೇಕಾಗಿಲ್ಲ. ಬಡವರಿಗೆ ಕೊಟ್ಟ ಸಹಾಯವನ್ನೂ ಹೆಸರಿಲ್ಲದೆ ಮೊತ್ತ ಮಾತ್ರ ತೋರಿಸಬಹುದು. ಪಾಸ್ಟರ ಸಂಬಳ ಇಷ್ಟು ಎಂದು ನಿಗದಿಯಾಗಿರದಿದ್ದರೆ ಇದೇ ಸಂದರ್ಭದಲ್ಲಿ ನಿಗದಿ ಮಾಡಿ, ಮರ್ಯಾದೆಯಿಂದ ಬದುಕುವಷ್ಟು ಇರಲಿ. ಅನೇಕ ಸಭೆಗಳು ಸೇವಕರನ್ನು ಅರೆಹೊಟ್ಟೆಯಲ್ಲಿ ಇಟ್ಟು ಲೆಕ್ಕದಲ್ಲಿ ಮಾತ್ರ ಪ್ರಾಮಾಣಿಕತೆ ಬಯಸುತ್ತವೆ. ಚೆನ್ನಾಗಿ ದುಡಿಯುವ ಹಿರಿಯರು (ಸಭೆಯನ್ನು ನಡೆಸುವವರು), ಅದರಲ್ಲೂ ವಾಕ್ಯ ಬೋಧಿಸುವವರು, ಇಮ್ಮಡಿ ಮಾನಕ್ಕೆ ಯೋಗ್ಯರು ಎಂದು 1 ತಿಮೊಥೆಯ 5:17 ಹೇಳುತ್ತದೆ, ಅದರ ಮರುವಚನವೇ ಆಳಿನ ಕೂಲಿಯ ಮಾತು.

ಅದೇ ಅಧ್ಯಾಯದ 19ನೆಯ ವಚನ ನಿಮಗೂ ಒಂದು ಬೇಲಿ ಹಾಕುತ್ತದೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯರ ಮೇಲಿನ ದೂರನ್ನು ಒಪ್ಪಿಕೊಳ್ಳಬಾರದು. 'ಅವರ ಮನೆಗೆ ಹೊಸ ಸೋಫಾ ಬಂತಂತೆ' ಎಂಬುದು ಸಾಕ್ಷಿಯಲ್ಲ. 20ನೆಯ ವಚನ ಪಾಸ್ಟರಿಗೆ ಹಾಕಿದ ಬೇಲಿ: ಪಾಪದಲ್ಲಿ ನಡೆಯುವವರು ಯಾರೇ ಆಗಲಿ, ಎಲ್ಲರ ಮುಂದೆ ಗದರಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ಸಭೆಗಳು ಎರಡು ಬಗೆಯಲ್ಲೂ ಹಾಳಾಗಿವೆ.

ಇದು ಇಂದಿನ ಸಮಸ್ಯೆಯೂ ಅಲ್ಲ. ಮೊದಲನೆಯ ಶತಮಾನದ ಕೊನೆಯ ಹೊತ್ತಿಗೇ ಕೊರಿಂಥದ ಸಭೆ ತಪ್ಪಿಲ್ಲದ ಹಿರಿಯರನ್ನು ಸ್ಥಾನದಿಂದ ಇಳಿಸಿಬಿಟ್ಟಿತ್ತು. ಅದನ್ನು ಖಂಡಿಸಿ ರೋಮಿನ ಸಭೆ ಉದ್ದನೆಯ ಪತ್ರ ಬರೆಯಿತು. ಕ್ಲೆಮೆಂಟನ ಪತ್ರವೆಂದು ಅದನ್ನು ಇಂದಿಗೂ ಓದುತ್ತಾರೆ. ಎರಡನೆಯ ಶತಮಾನದಲ್ಲಿ ಸ್ಮುರ್ನದ ಸಭಾಧ್ಯಕ್ಷ ಪಾಲಿಕಾರ್ಪ್ ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ ಇದಕ್ಕೆ ತದ್ವಿರುದ್ಧ ಸಂಗತಿ. ಅಲ್ಲಿ ವಾಲೆನ್ಸ್ ಎಂಬ ಹಿರಿಯ ತನಗೆ ಕೊಟ್ಟ ಸ್ಥಾನವನ್ನು ಮರೆತು ಬಿದ್ದಿದ್ದ. ಪಾಲಿಕಾರ್ಪ್ ಅದೇ ಉಸಿರಿನಲ್ಲಿ ಹಣದಾಸೆಯಿಂದ ದೂರವಿರಿ ಎಂದು ಎಚ್ಚರಿಸುತ್ತಾನೆ. ತಪ್ಪನ್ನು ಮುಚ್ಚುವುದಿಲ್ಲ. ಜೊತೆಗೆ, ವಾಲೆನ್ಸನನ್ನೂ ಅವನ ಹೆಂಡತಿಯನ್ನೂ ಶತ್ರುಗಳೆಂದು ಎಣಿಸಬೇಡಿ, ದಾರಿ ತಪ್ಪಿದ ಅಂಗಗಳೆಂದು ತಿಳಿದು ಹಿಂದಕ್ಕೆ ಕರೆತನ್ನಿ ಅನ್ನುತ್ತಾನೆ. ತಪ್ಪಿದ ಹಿರಿಯನ ವಿಷಯದಲ್ಲಿ ಹೆಂಡತಿಯನ್ನೂ ನೆನೆದ ಈ ಮಾತು ನನಗೆ ಬಹಳ ಹಿಡಿಸುತ್ತದೆ. ಪಾಸ್ಟರಮ್ಮನವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಮಾಡಿಯೂ ಅವರು ಒಪ್ಪದಿದ್ದರೆ? ಹಿರಿಯರ ಸಮಿತಿ ಇದ್ದರೆ ಅದರ ಮುಂದೆ ಬರಹದಲ್ಲಿ ಇಡಿ. ನಿಮ್ಮ ಸಭೆ ದೊಡ್ಡ ಸಂಘಟನೆಗೆ ಸೇರಿದ್ದಾದರೆ ಮೇಲಿನವರಿಗೆ ತಿಳಿಸಿ, ಆದರೆ ತಿಳಿಸುತ್ತೇವೆ ಎಂದು ಪಾಸ್ಟರಿಗೆ ಮೊದಲೇ ಹೇಳಿ. ಆ ತನಕ ಕಟ್ಟಡ ನಿಧಿಗೆ ಕೊಡುವುದನ್ನು ನಿಲ್ಲಿಸಬಹುದೇ ಎಂದು ಯಜಮಾನರು ಕೇಳಬಹುದು. ಆ ನಿಧಿಗೆ ಕೊಡದೆ ಕಾಯುವುದು ನ್ಯಾಯ, ಅದನ್ನು ಮುಚ್ಚಿಡದೆ ಹೇಳಿಯೇ ಮಾಡಿ. ಸೇವಕರ ಜೀವನಕ್ಕೆ ಹೋಗುವ ಕಾಣಿಕೆಯನ್ನು ನಿಲ್ಲಿಸುವುದು ಮಾತ್ರ ಕತ್ತು ಹಿಚುಕಿದಂತೆ, ಅದು ಬೇಡ.

ಬಿಡುವ ಪ್ರಶ್ನೆ ಕೊನೆಯದು. ಒಂದು ಸಲ ಕೇಳಿ, ಒಂದು ಪ್ರಸಂಗ ಕೇಳಿಸಿಕೊಂಡು ಹೊರಟರೆ ಅದು ಮುನಿಸು. ಕ್ರಮವಾಗಿ ಕೇಳಿ, ಸಮಯ ಕೊಟ್ಟು, ಆಮೇಲೂ ಕೇಳಿದವರನ್ನೆಲ್ಲ ಶಾಪದ ಹೆಸರಿನಲ್ಲಿ ಹೆದರಿಸುತ್ತಿದ್ದರೆ, ಅಥವಾ ಹಣ ದುರುಪಯೋಗವಾದದ್ದು ಸಾಕ್ಷಿ ಸಮೇತ ತಿಳಿದೂ ಸಭೆ ಮುಚ್ಚಿಹಾಕಿದರೆ, ಆಗ ಬಿಡುವುದರಲ್ಲಿ ಪಾಪವಿಲ್ಲ. ಹೋಗುವಾಗ ಪಾಸ್ಟರನ್ನು ಕಂಡು ಕಾರಣ ಹೇಳಿ ಹೋಗಿ. ಜೊತೆಗೆ ಹತ್ತು ಮನೆಗಳನ್ನು ಎಬ್ಬಿಸಿಕೊಂಡು ಹೋಗಬೇಡಿ. ಹಾಗೆ ಹುಟ್ಟಿದ ಸಭೆಗಳಲ್ಲಿ ಕೆಲವೇ ವರ್ಷಕ್ಕೆ ಅದೇ ಜಗಳ ಮತ್ತೆ ಹುಟ್ಟಿದ್ದನ್ನು ನೋಡಿದ್ದೇನೆ. ನಿಮ್ಮ ಸಂಡೇ ಸ್ಕೂಲ್ ಮಕ್ಕಳ ಮುಂದೆ ಈ ವಿಷಯದ ಸೊಲ್ಲೇ ಬೇಡ, ಬಿಡಬೇಕಾಗಿ ಬಂದರೂ ವರ್ಷದ ಪಾಠ ಮುಗಿಸಿ ಇನ್ನೊಬ್ಬ ಶಿಕ್ಷಕರಿಗೆ ಒಪ್ಪಿಸಿ ಹೋಗಿ.

ಆದರೆ ನಿಮ್ಮ ಪತ್ರ ಓದಿದರೆ ಅಷ್ಟು ದೂರ ಹೋಗಲಿಕ್ಕಿಲ್ಲ ಅನ್ನಿಸುತ್ತದೆ. ಪಾಸ್ಟರ್ ಒಪ್ಪಿದರು ಎಂದಿಟ್ಟುಕೊಳ್ಳಿ. ಆಗ ಇನ್ನೊಂದು ತೊಡಕು ಬರುತ್ತದೆ: ಕಳೆದ ಎರಡು ವರ್ಷದ ಲೆಕ್ಕ ಬರೆಯಲು ಕೂತರೆ ಖಂಡಿತ ಹೊಂದುವುದಿಲ್ಲ. ರಸೀದಿಗಳು ಕಳೆದಿರುತ್ತವೆ, ಕೆಲವು ಖರ್ಚು ನೆನಪಿನಲ್ಲಷ್ಟೇ ಇರುತ್ತದೆ. ಸಿಕ್ಕಷ್ಟು ರಸೀದಿ, ಬ್ಯಾಂಕಿನ ಪಟ್ಟಿ, ಕಟ್ಟಿದ ಗೋಡೆ ಇಷ್ಟನ್ನು ಎದುರಿಗಿಟ್ಟು ಇಬ್ಬರು ಹಿರಿಯರು ಪಾಸ್ಟರ ಜೊತೆ ಕೂತು ಬರೆಯಲಿ. ಲೆಕ್ಕಕ್ಕೆ ಸಿಗದೆ ಉಳಿದ ಮೊತ್ತವನ್ನು 'ಲೆಕ್ಕ ಸಿಗದ್ದು' ಎಂದೇ ಹಾಳೆಯಲ್ಲಿ ಬರೆಯಲಿ, ಬೇರೆ ಖರ್ಚಿನ ಹೆಸರಿನಲ್ಲಿ ಸೇರಿಸಿ ಹೊಂದಿಸುವುದು ಬೇಡ. ಅದು ಸಣ್ಣದಿದ್ದರೆ ಸಭೆ ಅದನ್ನು ಒಪ್ಪಿ ಒಂದು ತಾರೀಕಿನಿಂದ ಹೊಸ ಪುಸ್ತಕ ತೆರೆಯಲಿ. ದೊಡ್ಡದಿದ್ದರೆ ಹೊರಗಿನ ಲೆಕ್ಕಪರಿಶೋಧಕರೊಬ್ಬರಿಗೆ ಕೊಡಲಿ. ನಿಮ್ಮ ಯಜಮಾನರನ್ನು ಖಜಾಂಚಿ ಮಾಡೋಣ ಎಂದು ಯಾರಾದರೂ ಸೂಚಿಸಿದರೆ ಅವರು ಒಪ್ಪದಿರುವುದು ಒಳ್ಳೆಯದು. ಕಾಣಿಕೆ ಎಣಿಸುವ ಇಬ್ಬರಲ್ಲಿ ಒಬ್ಬರಾಗಿ, ಸರದಿ ಬಂದಾಗ ಕೂತರೆ ಸಾಕು.